ಗಡಿಕಲ್ಲು ಕಿತ್ತ ಮೇಲೆ

ಕಳೆದ ಬೇಸಿಗೆ ರಜೆಯಲ್ಲಿ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಕಂಪ್ಯೂಟರ್ ಕೊಠಡಿಯಲ್ಲಿ ನಾನು ಕುಳಿತಿದ್ದೆ. ಆಡಳಿತ ಸಮಿತಿಗೆ ಕಾನೂನು ಸಲಹೆ ಕೊಡುವವನೆಂದು ಕರೆದಿದ್ದರೇ ಹೊರತು ಯಂತ್ರಜ್ಞಾನವನ್ನು ನಂಬಿ ಅಲ್ಲ. ದಾನವಾಗಿ ಬಂದ ಹಳೆಯ ಸರ್ವರಿನಲ್ಲಿ ಸ್ಥಳ ಸಾಲದಾಗಿತ್ತು. ಬೇಡವಾದ ಒಂದು ವರ್ಚುವಲ್ ಡಿಸ್ಕನ್ನು ಅಳಿಸಿ, ಅದರ ಹಳೆಯ ಡಿಸ್ಕುಗಳ ಜಾಗದಲ್ಲಿ ದೊಡ್ಡವನ್ನು ಕೂರಿಸುವುದು ಅಂದಿನ ಕೆಲಸ. ಅಳಿಸಿದ್ದು ಮಾತ್ರ ಬೇಕಾಗಿದ್ದುದನ್ನು.

ಅದರಲ್ಲಿದ್ದುದು ನಾಲ್ಕು ದಶಕಗಳ ದಾಖಲಾತಿ ರಿಜಿಸ್ಟರುಗಳ ಸ್ಕ್ಯಾನ್ ಪ್ರತಿ. ಮಗುವಿನ ಹೆಸರು, ಜನ್ಮದಿನಾಂಕ, ಮಾತೃಭಾಷೆ. 'ಮಾತೃಭಾಷೆ ಕನ್ನಡ' ಎಂಬ ಆ ಒಂದು ಅಂಕಣಕ್ಕಾಗಿ ಹಳೆಯ ವಿದ್ಯಾರ್ಥಿಗಳು ಶಾಲೆಯ ಮೆಟ್ಟಿಲು ಹತ್ತುವುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಮೂಲ ಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ಅದಾಗಲೇ ಮುಗಿಸಿತ್ತು.

ಸರ್ವರಿನ ಡಿಸ್ಕುಗಳು ಅವಿಭಕ್ತ ಕುಟುಂಬದ ಜಮೀನಿನಂತೆ. ರೇಡ್ ಕಂಟ್ರೋಲರ್ ಎಂಬ ಕಾರ್ಡು ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ, ಗಣಕಕ್ಕೆ ಒಂದೇ ಡಿಸ್ಕಿನಂತೆ ತೋರಿಸುತ್ತದೆ. ಆ ತೋರಿಕೆಯ ಡಿಸ್ಕೇ ವರ್ಚುವಲ್ ಡಿಸ್ಕು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ಈ ಏರ್ಪಾಡಿಗೆ ರೇಡ್ ಎಂಬ ಹೆಸರಿಟ್ಟರು. ನಮ್ಮ ಶಾಲೆಯದು ರೇಡ್ 5. ತಲಾ 2 ಟೆರಾಬೈಟಿನ ಮೂರು ಡಿಸ್ಕು ಸೇರಿದರೆ ಬಳಕೆಗೆ ಸಿಗುವುದು 4. ಉಳಿದದ್ದು ತಾಳೆ ಲೆಕ್ಕಕ್ಕೆ ಮೀಸಲು. ಏಳು, ಐದು, ಮೊತ್ತ ಹನ್ನೆರಡು ಎಂದು ಬರೆದಿಟ್ಟು ಐದನ್ನು ಒರೆಸಿದರೂ ಮಕ್ಕಳು ಅದನ್ನು ಕಂಡುಹಿಡಿಯುತ್ತಾರಲ್ಲವೇ? ಒಂದು ಡಿಸ್ಕು ಸತ್ತರೆ ಕಂಟ್ರೋಲರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಆದರೆ ಈ ರಕ್ಷಣೆ ಡಿಸ್ಕಿನ ಸಾವಿಗೆ, ಮನುಷ್ಯನ ಕೈತಪ್ಪಿಗಲ್ಲ. ಅಳಿಸೆಂದರೆ ಅದು ವಿಧೇಯವಾಗಿ ಅಳಿಸುತ್ತದೆ.

ತಪ್ಪಿಗೆ ಕಾರಣ ತೀರ ಸಣ್ಣದು. ಒಂದೇ ಗಾತ್ರದ ಎರಡು ವರ್ಚುವಲ್ ಡಿಸ್ಕುಗಳಿದ್ದವು, ಯಾವುದಕ್ಕೂ ಹೆಸರಿಟ್ಟಿರಲಿಲ್ಲ. ವಿಂಡೋಸ್ 1 ಎಂದು ತೋರಿಸಿದ್ದನ್ನೇ ಕಂಟ್ರೋಲರಿನ 1 ಎಂದು ತಂತ್ರಜ್ಞ ತರುಣ ಭಾವಿಸಿದ. ಇವೆರಡರ ಎಣಿಕೆ ಹೊಂದಲೇಬೇಕೆಂಬ ನಿಯಮವಿಲ್ಲ. ಸರ್ವೆ ನಂಬರು ನೋಡದೆ ಕ್ರಯಪತ್ರ ಬರೆದಂತಾಯಿತು. ಎಚ್ಚರಿಕೆಯ ಪ್ರಶ್ನೆಗೆ 'ಹೌದು' ಎಂದೊತ್ತಿದ ಮೇಲೆ ಕೆಲಸ ಮುಗಿಯಲು ಕೆಲವೇ ಕ್ಷಣ ಸಾಕಾಯಿತು.

ತರುಣನ ಮುಖ ಬಿಳಿಚಿತು. ಆದರೂ ಅವನು ಮುಂದೆ ಏನನ್ನೂ ಒತ್ತಲಿಲ್ಲ. ಅದೇ ನಮ್ಮನ್ನು ಉಳಿಸಿದ್ದು. ವರ್ಚುವಲ್ ಡಿಸ್ಕು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಪಾಲುಪಟ್ಟಿ ಮಾತ್ರ: ಯಾವ ಡಿಸ್ಕು, ಯಾವ ಕ್ರಮದಲ್ಲಿ, ಎಷ್ಟೆಷ್ಟು ಅಗಲದ ಪಟ್ಟಿಗಳಾಗಿ ಎಂಬ ವಿವರ. ಗಡಿಕಲ್ಲು ಹೋಯಿತು, ನೆಲ ಅಲ್ಲೇ ಇದೆ. ಅದೇ ಡಿಸ್ಕುಗಳನ್ನು ಅದೇ ಕ್ರಮದಲ್ಲಿ, ಅದೇ ಪಟ್ಟಿಯಗಲದೊಂದಿಗೆ ಮತ್ತೆ ಜೋಡಿಸಿದರೆ ದತ್ತಾಂಶ ಮರಳುವ ಸಾಧ್ಯತೆಯುಂಟು. ಷರತ್ತೊಂದೇ, 'ಇನಿಶಿಯಲೈಸ್' ಎಂಬುದನ್ನು ಮುಟ್ಟಬಾರದು; ಅದು ನೆಲವನ್ನೇ ಉಳುತ್ತದೆ. ಒಂದು ವಿವರ ತಪ್ಪಿದರೂ ಕಂಟ್ರೋಲರ್ ಹಿನ್ನೆಲೆಯಲ್ಲಿ ತಾಳೆ ಲೆಕ್ಕವನ್ನು ತಿದ್ದಿ ಬರೆದು ಇದ್ದುದನ್ನೂ ಕೆಡಿಸೀತು.

ಆ ವಿವರ ಎಲ್ಲಿತ್ತು? ಕಚೇರಿಯ ಕಡತದಲ್ಲಿ! ಸರ್ವರು ಬಂದ ದಿನ ಮುದ್ರಿಸಿದ ಒಂದು ಹಾಳೆಯನ್ನು ಗುಮಾಸ್ತರು ರಶೀದಿಗಳೊಂದಿಗೆ ಹೊಲಿದಿಟ್ಟಿದ್ದರು. ರೇಡ್ 5, ಗೂಡು 5, 6, 7, ಪಟ್ಟಿ 64 ಕಿಲೋಬೈಟ್. ಸಂಜೆಯ ಹೊತ್ತಿಗೆ ರಿಜಿಸ್ಟರುಗಳು ಪರದೆಯ ಮೇಲೆ ಮೂಡಿದವು. ಮೊದಲು ಮಾಡಿದ್ದು ಎರಡು ಹೊರಡಿಸ್ಕುಗಳಿಗೆ ನಕಲು. ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಆಮೇಲೆ ಬೇಡವಾದದ್ದನ್ನು ಅಳಿಸಿ, ಗೂಡಿನ ದೀಪ ಮಿನುಗಿಸಿ ಖಚಿತಪಡಿಸಿಕೊಂಡೇ ಅದರ ಡಿಸ್ಕುಗಳನ್ನು ಹೊರತೆಗೆದೆವು.

ವಕೀಲನಾಗಿ ನನಗೊಂದು ಕೊರತೆ ಉಳಿಯಿತು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನನ್ವಯ ಇಂಥ ದಾಖಲೆಯೊಂದಿಗೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಎಂಬ ಅಂಕಿಮುದ್ರೆಯನ್ನು ನಮೂದಿಸಬೇಕು. ಅದನ್ನು ಮೊದಲೇ ತೆಗೆದಿಟ್ಟಿದ್ದರೆ, ಮರಳಿ ಬಂದ ಕಡತ ಅಕ್ಷರಶಃ ಹಳೆಯದೇ ಎಂದು ತೋರಿಸಬಹುದಿತ್ತು. ಈಗ ಪ್ರತಿಗಳನ್ನು ಉಳಿದ ಪುಸ್ತಕಗಳೊಂದಿಗೆ ಹಾಳೆಹಾಳೆಯಾಗಿ ತಾಳೆನೋಡುತ್ತಿದ್ದೇವೆ.

ಹೊರತೆಗೆದ ಡಿಸ್ಕುಗಳನ್ನು ಗುಜರಿಗೆ ಕೊಡೋಣವೆಂದು ಸಮಿತಿಯ ಸದಸ್ಯರೊಬ್ಬರು ಎಂದರು. ನಾನು ಒಪ್ಪಲಿಲ್ಲ. ನಮಗೆ ಮರಳಿ ಸಿಕ್ಕಿದ್ದು ಗುಜರಿಯವನಿಗೂ ಸಿಕ್ಕೀತು. ಅವುಗಳಲ್ಲಿ ಮಕ್ಕಳ ಅಂಕಪಟ್ಟಿ, ವಿಳಾಸಗಳಿವೆ. ಪೂರ್ಣ ಒರೆಸುವವರೆಗೂ ಅವು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗದೊಳಗಿವೆ. ವರ್ಚುವಲ್ ಡಿಸ್ಕಿಗೆ ಈಗ 'ದಾಖಲಾತಿ' ಎಂಬ ಹೆಸರಿದೆ. ಆ ಕಂಟ್ರೋಲರಿಗೆ ಕನ್ನಡ ಲಿಪಿ ಬಾರದ್ದರಿಂದ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಯಿತು.