ಶಿಬಿರದ ಅಳತೆಗೆ ಇಳಿದ ಯಾತ್ರೆ

ಉತ್ತರ ಅಮೆರಿಕದ ಶಾಲೆ ಕಾಲೇಜುಗಳಿಗೆ ಬೇಸಿಗೆಯ ರಜೆ ಬಂದಿತೆಂದರೆ, ಒಂದೇ ಬಣ್ಣದ ಅಂಗಿಗಳನ್ನು ತೊಟ್ಟು, ಗಿಟಾರುಗಳನ್ನೂ ಆಟದ ಚೆಂಡುಗಳನ್ನೂ ಬಣ್ಣದ ಮಣಿಗಳ ಪೊಟ್ಟಣಗಳನ್ನೂ ಹೊತ್ತು, ಮೆಕ್ಸಿಕೊ, ಹೊಂಡುರಾಸ್, ಕೀನ್ಯಾ ಮೊದಲಾದ ದೇಶಗಳಿಗೆ ಹೊರಟು ನಿಂತ ತರುಣ ತರುಣಿಯರ ತಂಡಗಳು ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಕಾಣಸಿಗುವುದು ಈಗ ಸಾಮಾನ್ಯ ಸಂಗತಿ. ತಮ್ಮ ತಮ್ಮ ಕ್ರೈಸ್ತ ಸಭೆಗಳ ವತಿಯಿಂದ ಹೋಗುವ ಇವರು ಪರದೇಶದ ಯಾವುದಾದರೊಂದು ಊರಿನ ಯೌವನಸ್ಥರ ಶಿಬಿರದಲ್ಲಿ ವಾರವೊಂದೆರಡು ದುಡಿದು, ರಜೆ ಮುಗಿಯುವ ಮುನ್ನ ಮನೆಗೆ ಮರಳುತ್ತಾರೆ. 2005ರ ಸಮೀಕ್ಷೆಯೊಂದನ್ನು ಆಧರಿಸಿ ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೌ ಅಂದಾಜು ಮಾಡಿದಂತೆ, ಅಮೆರಿಕದ ಸಭೆಗಳಿಂದ ವರ್ಷವೊಂದಕ್ಕೆ ಸುಮಾರು 16 ಲಕ್ಷ ಜನ ಇಂತಹ ಅಲ್ಪಾವಧಿಯ ಮಿಷನ್ ಯಾತ್ರೆಗಳನ್ನು ಕೈಗೊಳ್ಳುತ್ತಿದ್ದರು. ಒಂದು ಕಾಲಕ್ಕೆ ಆಯುಷ್ಯವನ್ನೇ ಒತ್ತೆಯಿಡಬೇಕಾಗಿದ್ದ ಕಾರ್ಯವು ರಜೆಯೊಂದರ ಒಳಗೆ ಅಡಗುವಷ್ಟು ಕಿರಿದಾದುದು ಹೇಗೆಂಬುದನ್ನು ವಿಚಾರಿಸಹೊರಟರೆ ಇನ್ನೂರು ವರ್ಷಗಳ ಚರಿತ್ರೆ ಎದುರಾಗುತ್ತದೆ.

ಶಿಬಿರವೆಂಬುದು ಮೊದಲಿಗೆ ಯುವಜನರ ಸೊತ್ತಾಗಿರಲಿಲ್ಲ. 1801ರ ಆಗಸ್ಟ್ ತಿಂಗಳಲ್ಲಿ ಕೆಂಟಕಿ ಪ್ರಾಂತದ ಕೇನ್ ರಿಜ್ ಎಂಬಲ್ಲಿಗೆ ಸಾವಿರಾರು ರೈತಾಪಿ ಜನ ಸಂಸಾರಸಮೇತರಾಗಿ ಗಾಡಿ ಕಟ್ಟಿಕೊಂಡು ಬಂದು, ಬಯಲಿನಲ್ಲಿಯೇ ಬೀಡುಬಿಟ್ಟು, ದಿನಗಟ್ಟಲೆ ಉಪದೇಶ ಕೇಳಿದರು. ಯೌವನಸ್ಥರಿಗೆಂದೇ ಪ್ರತ್ಯೇಕವಾದ ಸಂಸ್ಥೆ ಹುಟ್ಟಿದುದು ಆ ಬಳಿಕ. 1844ರಲ್ಲಿ ಲಂಡನ್ನಿನ ಜವಳಿ ಮಳಿಗೆಯೊಂದರ ನೌಕರನಾಗಿದ್ದ ಜಾರ್ಜ್ ವಿಲಿಯಮ್ಸ್ ತನ್ನಂತಹ ಕೆಲಸಗಾರ ಹುಡುಗರನ್ನು ಕೂಡಿಸಿ ಕಟ್ಟಿದ ವೈ.ಎಂ.ಸಿ.ಎ. ಅದು. ಆ ಸಂಸ್ಥೆಯ ಸಮ್ನರ್ ಡಡ್ಲಿ 1885ರಲ್ಲಿ ನ್ಯೂಯಾರ್ಕ್ ಪ್ರಾಂತದ ಆರೆಂಜ್ ಸರೋವರದ ದಡಕ್ಕೆ ಕೆಲವು ಹುಡುಗರನ್ನು ಕರೆದೊಯ್ದು ಡೇರೆ ಹೊಡೆದಾಗ, ಈಜು, ಆಟ, ಪ್ರಾರ್ಥನೆಗಳು ಒಂದೇ ದಿನಚರಿಯಲ್ಲಿ ಬೆರೆತ ಬೇಸಿಗೆ ಶಿಬಿರಕ್ಕೆ ರೂಪ ಬಂದಿತು.

ಮರುವರ್ಷವೇ ಈ ಶಿಬಿರಕ್ಕೆ ಸಮುದ್ರದಾಚೆಯ ಕನಸು ಕೂಡಿಕೊಂಡಿತು. 1886ರ ಜುಲೈಯಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಮೌಂಟ್ ಹರ್ಮನ್ ಶಾಲೆಯ ಆವರಣದಲ್ಲಿ, ಪ್ರಖ್ಯಾತ ಧರ್ಮೋಪದೇಶಕ ಡ್ವೈಟ್ ಮೂಡಿಯ ಆಶ್ರಯದಲ್ಲಿ 251 ಮಂದಿ ವಿದ್ಯಾರ್ಥಿಗಳು ತಿಂಗಳ ಮಟ್ಟಿಗೆ ಕೂಡಿದ್ದರು. ಮೂಡಿಯ ಉದ್ದೇಶ ಬೈಬಲ್ ವ್ಯಾಸಂಗ. ವಿದೇಶಸೇವೆಯ ಕಿಡಿಯನ್ನು ಅಲ್ಲಿಗೆ ತಂದವನಾದರೋ ಪ್ರಿನ್ಸ್‌ಟನ್ನಿನ ರಾಬರ್ಟ್ ವೈಲ್ಡರ್ ಎಂಬ ತರುಣ. ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರದಲ್ಲಿ ಮಿಷನರಿಯ ಮಗನಾಗಿ ಹುಟ್ಟಿದ ಈತನಿಗೆ ಪರದೇಶವೆಂಬುದು ಭೂಪಟದ ಮೇಲಿನ ಬಣ್ಣವಾಗಿರದೆ ತಾನು ಆಡಿ ಬೆಳೆದ ಅಂಗಳವಾಗಿತ್ತು. ಒಬ್ಬೊಬ್ಬರೊಡನೆ ಮಾತನಾಡುತ್ತ, ಪ್ರಾರ್ಥನೆಗೆ ಜೊತೆಗೂಡಿಸುತ್ತ ನಡೆದ ಅವನ ಯತ್ನಕ್ಕೆ ಒಂದು ಸಂಜೆಯ ಸಭೆ ಬಲ ತಂದಿತು. ಬೇರೆ ಬೇರೆ ದೇಶಗಳಲ್ಲಿ ಹುಟ್ಟಿಬೆಳೆದ ಹತ್ತು ಮಂದಿ ಎದ್ದುನಿಂತು, ತಲಾ ಮೂರು ನಿಮಿಷಗಳಲ್ಲಿ ತಮ್ಮ ನಾಡಿನ ಅಗತ್ಯವನ್ನು ನಿವೇದಿಸಿ, ದೇವರು ಪ್ರೀತಿಸ್ವರೂಪನೆಂಬ ಮಾತನ್ನು ಆಯಾ ನಾಡಿನ ನುಡಿಯಲ್ಲಿಯೇ ಹೇಳಿ ಮುಗಿಸಿದರು. ಸಮ್ಮೇಳನ ಮುಗಿಯುವ ವೇಳೆಗೆ ವಿದೇಶಸೇವೆಗೆ ಹೆಸರು ಕೊಟ್ಟವರ ಸಂಖ್ಯೆ ನೂರಕ್ಕೆ ಮುಟ್ಟಿತ್ತು. ಮುಂದೆ 1946ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಪಾತ್ರನಾದ ಜಾನ್ ಮಾಟ್ ಆ ನೂರರಲ್ಲಿ ಒಬ್ಬ.

1888ರಲ್ಲಿ ಈ ಯತ್ನವು ವಿದ್ಯಾರ್ಥಿ ಸ್ವಯಂಸೇವಕ ಚಳವಳಿಯೆಂಬ ಸಂಸ್ಥೆಯಾಗಿ, ಮುಂದಿನ ಅರ್ಧ ಶತಮಾನದಲ್ಲಿ ಸುಮಾರು 20,000 ಮಂದಿಯನ್ನು ಕಡಲಾಚೆಗೆ ಕಳುಹಿತೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಇವರು ಮಾಡಿದುದು ಜೀವಾವಧಿಯ ಪ್ರತಿಜ್ಞೆ. ಹಡಗು ಹತ್ತಿದವನು ಮೊದಲ ವರ್ಷಗಳನ್ನು ಭಾಷೆ ಕಲಿಯುವುದಕ್ಕೇ ಮೀಸಲಿಡಬೇಕಾಗಿದ್ದಿತು; ಹೆಂಡತಿ ಮಕ್ಕಳನ್ನು ಅಲ್ಲಿಯೇ ಮಣ್ಣುಮಾಡಿದವರೂ ಉಂಟು. ಅದಕ್ಕೂ ಹಿಂದಿನ ಬಾಸೆಲ್ ಮಿಷನ್ನಿನವರಲ್ಲಿ, 1853ರಲ್ಲಿ ಕನ್ನಡ ನಾಡಿಗೆ ಬಂದ ಕಿಟ್ಟೆಲ್ಲರ ನಿಘಂಟು ಅಚ್ಚಾಗಿ ಹೊರಬಂದುದು 1894ರಲ್ಲಿ ಎಂಬುದನ್ನು ನೆನೆದರೆ, ಆ ಕಾಲದ ಸೇವೆಯ ಅಳತೆ ಎಂಥದೆಂಬುದು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ದೀರ್ಘಕಾಲ ಇದ್ದ ಮಾತ್ರಕ್ಕೆ ಬಾಂಧವ್ಯ ಬೆಳೆಯುವುದೆಂಬ ಭರವಸೆಯಿಲ್ಲ. 1910ರ ಎಡಿನ್‌ಬರೊ ಮಿಷನರಿ ಮಹಾಸಮ್ಮೇಳನದಲ್ಲಿ ಈ ಸತ್ಯವನ್ನು ಮುಖಕ್ಕೆ ಮುಖ ಕೊಟ್ಟು ಆಡಿದವರು ವೈ.ಎಂ.ಸಿ.ಎ.ಯಲ್ಲಿ ಯುವಜನರ ನಡುವೆ ದುಡಿದು ಬಂದಿದ್ದ ದಕ್ಷಿಣ ಭಾರತದ ವಿ. ಎಸ್. ಅಜರಯ್ಯನವರು. ಪಾಶ್ಚಾತ್ಯ ಮಿಷನರಿಗಳು ತಮ್ಮ ಸರ್ವಸ್ವವನ್ನೂ, ಪ್ರಾಣವನ್ನೂ ಭಾರತೀಯರಿಗಾಗಿ ತೆತ್ತಿದ್ದಾರೆಂದು ಒಪ್ಪಿಕೊಂಡು, ಇನ್ನು ತಮಗೆ ಬೇಕಾದುದು ಸ್ನೇಹಿತರೆಂದು ಅವರು ಕೇಳಿದಾಗ ಸಭೆಯಲ್ಲಿ ಅಸಮಾಧಾನ ಪಟ್ಟವರು ಅನೇಕರು.

ಸ್ನೇಹಕ್ಕೆ ಬೇರೊಂದು ದಾರಿಯನ್ನು ತೋರಿದವನು ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್. ಮೊದಲನೆಯ ಮಹಾಯುದ್ಧದಲ್ಲಿ ನೆಲಸಮವಾಗಿದ್ದ, ಫ್ರಾನ್ಸಿನ ವೆರ್ದಾನ್ ಬಳಿಯ ಎನ್ ಎಂಬ ಹಳ್ಳಿಗೆ 1920ರಲ್ಲಿ ಈ ಕ್ರೈಸ್ತ ಶಾಂತಿವಾದಿ ಬೇರೆ ಬೇರೆ ದೇಶಗಳ ಸ್ವಯಂಸೇವಕರನ್ನು, ಅವರಲ್ಲಿ ಜರ್ಮನರನ್ನೂ, ಕರೆತಂದು ಗುದ್ದಲಿ ಹಿಡಿಸಿದನು. 1934ರ ಬಿಹಾರದ ಭೂಕಂಪದ ತರುವಾಯ ಇದೇ ಸೆರೆಸೋಲ್ ಸಂಗಡಿಗರೊಡನೆ ಭಾರತಕ್ಕೂ ಬಂದು ಹಳ್ಳಿಗಳನ್ನು ಪುನಃ ಕಟ್ಟುವುದರಲ್ಲಿ ತೊಡಗಿದನು. ಉಪದೇಶಕ್ಕಿಂತ ಬೆವರನ್ನೇ ಮುಂದಿಟ್ಟು, ಕೆಲಸ ಮುಗಿದೊಡನೆ ಊರಿಗೆ ಮರಳುವ ಶ್ರಮಶಿಬಿರದ ಪದ್ಧತಿಗೆ ಇಲ್ಲಿಯೇ ನಾಂದಿ.

ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಹುಡುಗರ ಕೈಯಲ್ಲಿ ಹಣವೂ ರಜೆಯೂ ಸೇರಿದವು. 1958ರಿಂದ ಜೆಟ್ ವಿಮಾನಗಳು ವಾರಗಳ ಕಡಲಯಾನವನ್ನು ಗಂಟೆಗಳಿಗೆ ಇಳಿಸಿದವು. ಹೊಸದಾಗಿ ಸ್ವತಂತ್ರವಾದ ದೇಶಗಳು ಬಹುಕಾಲ ನೆಲೆಸಬಯಸುವ ಮಿಷನರಿಯನ್ನು ಮೊದಲಿನಂತೆ ಬರಮಾಡಿಕೊಳ್ಳಲು ಹಿಂಜರಿದವು. ಈ ಸಂಧಿಕಾಲದಲ್ಲಿ, 1957ರ ಬೇಸಿಗೆಯಲ್ಲಿ, ಜಾರ್ಜ್ ವರ್ವರ್ ಎಂಬ ಕಾಲೇಜು ವಿದ್ಯಾರ್ಥಿ ಇಬ್ಬರು ಗೆಳೆಯರೊಡನೆ ಸುವಾರ್ತೆಯ ಪುಸ್ತಕಗಳನ್ನು ವಾಹನದಲ್ಲಿ ತುಂಬಿಕೊಂಡು ಮೆಕ್ಸಿಕೊಗೆ ಹೋದುದು ಆಪರೇಷನ್ ಮೊಬಿಲೈಸೇಷನ್ ಎಂಬ ಸಂಸ್ಥೆಗೆ ಮೂಲವಾಯಿತು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಸ್ಥಾಪಿಸಿದ ಯೂತ್ ವಿತ್ ಎ ಮಿಷನ್ ಸಂಸ್ಥೆ 1964ರ ಬೇಸಿಗೆಯಲ್ಲಿ ನೂರಕ್ಕೂ ಮಿಗಿಲಾದ ಯುವಜನರನ್ನು ಬಹಾಮಾ ದ್ವೀಪಗಳ ಕಡೆಗೆ ಕಳುಹಿಸಿತು. ಮೌಂಟ್ ಹರ್ಮನ್ನಿನಲ್ಲಿ ಶಿಬಿರವು ಯಾತ್ರೆಗೆ ಪೀಠಿಕೆಯಾಗಿದ್ದಿತು; ಈಗ ಯಾತ್ರೆಯೇ ಶಿಬಿರದ ಅಳತೆಗೆ ಇಳಿಯಿತು.

ಅಂತಹ ಶಿಬಿರದಲ್ಲಿ ಪರದೇಶದಿಂದ ಬಂದವರ ದಿನ ಹೇಗೆ ಕಳೆಯುತ್ತದೆ? ಬೆಳಗಿನ ಪ್ರಾರ್ಥನೆ, ಹಾಡು, ವೇದಪಾಠ, ಚೆಂಡಾಟ, ಪಾತ್ರೆ ತೊಳೆಯುವ ಸರದಿ, ರಾತ್ರಿ ಬೆಂಕಿಯ ಸುತ್ತ ಸಾಕ್ಷಿ ಹೇಳುವ ಕೂಟ. ಊರಿನ ಭಾಷೆ ಬಾರದವರಾದುದರಿಂದ ಮಾತಿಲ್ಲದ ಉಪಾಯಗಳ ಮೊರೆ ಹೋಗುತ್ತಾರೆ. ಮೂಕಾಭಿನಯ ಅವುಗಳಲ್ಲೊಂದು, ಮಣಿಗಳ ಕೈಬಳೆ ಮತ್ತೊಂದು. ಕಪ್ಪು ಮಣಿ ಪಾಪಕ್ಕೆ, ಕೆಂಪು ಕ್ರಿಸ್ತನ ರಕ್ತಕ್ಕೆ, ಬಿಳಿ ನಿರ್ಮಲತ್ವಕ್ಕೆ, ಹೊಂಬಣ್ಣ ಸ್ವರ್ಗಕ್ಕೆ, ಹಸುರು ಭಕ್ತಿಯ ಬೆಳವಣಿಗೆಗೆ ಸಂಕೇತ. ಇದರ ಹಿಂದೆ ಅಕ್ಷರವೇ ಇಲ್ಲದ ಪುಸ್ತಕವೊಂದರ ಕಥೆಯಿದೆ: 1866ರಲ್ಲಿ ಲಂಡನ್ನಿನ ಧರ್ಮೋಪದೇಶಕ ಸ್ಪರ್ಜನ್ ತನ್ನ ಉಪದೇಶದಲ್ಲಿ ಮೊದಲ ಮೂರು ಬಣ್ಣಗಳ ಬರಿಯ ಹಾಳೆಗಳನ್ನು ವಿವರಿಸಿದನು; 1875ರಲ್ಲಿ ಹೊಂಬಣ್ಣವನ್ನು ಸೇರಿಸಿದವನು ಮೌಂಟ್ ಹರ್ಮನ್ನಿನ ಆ ಮೂಡಿಯೇ; ಹಸುರು ಅನಂತರ ಬಂದುದು. ಮಕ್ಕಳು ಗಂಟು ಬಿಗಿಯುವುದನ್ನು ಬೇಗ ಕಲಿಯುತ್ತಾರೆ. ಆದರೆ ಕಪ್ಪು ಮಣಿಯೇಕೆ ಪಾಪಕ್ಕೆ ಗುರುತೆಂದು ಆಫ್ರಿಕದ ಹುಡುಗಿಯೊಬ್ಬಳು ಕೇಳಿದರೆ ಅದಕ್ಕೆ ಮೂಕಾಭಿನಯ ಸಾಲದು. ಆಗ ಎಲ್ಲರೂ ನೋಡುವುದು ಪಕ್ಕದಲ್ಲಿ ನಿಂತ ಸ್ಥಳೀಯ ದುಭಾಷಿಯ ಮುಖವನ್ನು. ಅತಿಥಿಗಳು ವಿಮಾನ ಹತ್ತಿದ ಮೇಲೆ ಆ ಹುಡುಗಿಯ ಮನೆಗೆ ಹೋಗಿ ವಿಚಾರಿಸುವವನೂ, ವರ್ಷವಿಡೀ ವೇದಪಾಠ ನಡೆಸುವವನೂ ಅವನೇ.

ಈ ಯಾತ್ರೆಗಳ ಮೇಲಿನ ಆಕ್ಷೇಪಣೆಯೂ ಹೊಸದಲ್ಲ. 1968ರಲ್ಲಿ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಬೇಸಿಗೆ ಸೇವೆಗೆ ಸಿದ್ಧರಾಗಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ಪಾದ್ರಿ ಇವಾನ್ ಇಲಿಚ್, ನೋಡುವುದಕ್ಕೂ ಕಲಿಯುವುದಕ್ಕೂ ಬನ್ನಿ, ಉದ್ಧರಿಸುವುದಕ್ಕೆ ಬರಬೇಡಿ ಎಂಬ ಅಭಿಪ್ರಾಯವನ್ನು ನಿಷ್ಠುರವಾಗಿ ಮಂಡಿಸಿದನು. 1998ರ ಮಿಚ್ ಚಂಡಮಾರುತದ ಬಳಿಕ ಹೊಂಡುರಾಸಿನಲ್ಲಿ ಸಂಶೋಧನೆ ನಡೆಸಿದ ಕರ್ಟ್ ವೆರ್ ಬೀಕ್ ಕಂಡಂತೆ, ಪ್ರಯಾಣವೆಚ್ಚವೂ ಸೇರಿ ಪರದೇಶದ ತಂಡವೊಂದು ಕಟ್ಟಿದ ಮನೆಗೆ ತಗುಲಿದುದು ಸುಮಾರು 30,000 ಡಾಲರು. ಸ್ಥಳೀಯ ಸಂಸ್ಥೆಗಳು ಸುಮಾರು 2,000 ಡಾಲರಿನಲ್ಲಿಯೇ ಮನೆ ಎಬ್ಬಿಸುತ್ತಿದ್ದವು. ಹೋಗಿಬಂದವರ ದಾನಧರ್ಮಗಳಲ್ಲಿಯೂ ಬಾಳುವೆಯಲ್ಲಿಯೂ ಬಹುಕಾಲ ನಿಲ್ಲುವಂತಹ ಮಾರ್ಪಾಡು ಹೆಚ್ಚಾಗಿ ಕಾಣಲಿಲ್ಲವೆಂಬುದು ಆತನ ಇನ್ನೊಂದು ನಿಷ್ಕರ್ಷೆ.

ಹಾಗೆಂದು ಈ ಪದ್ಧತಿಯನ್ನು ಒಟ್ಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಪಾವಧಿಯಾದುದು ದೋಷವಲ್ಲ, ಅಲ್ಪಾವಧಿಯ ಸೇವೆ ಆಜೀವ ಸೇವೆಗೆ ಸಲ್ಲಬೇಕಾದ ಗೌರವವನ್ನು ತನಗೂ ಬೇಡುವುದು ದೋಷ. ದಕ್ಷಿಣ ಭಾರತ ಸಭೆಯೂ ಸದಸ್ಯತ್ವ ಹೊಂದಿರುವ, ಜರ್ಮನಿಯ ಸ್ಟುಟ್‌ಗಾರ್ಟಿನ ಇ.ಎಂ.ಎಸ್. ಎಂಬ ಮಿಷನ್ ಸಂಸ್ಥೆಯು ಜರ್ಮನ್ ತರುಣರನ್ನು ಇತ್ತ ಕಳುಹುವುದರ ಜೊತೆಗೆ ಏಷ್ಯ ಆಫ್ರಿಕಗಳ ಯುವಜನರನ್ನು ಅತ್ತ ಸ್ವಯಂಸೇವೆಗೆ ಕರೆಸಿಕೊಳ್ಳುತ್ತಿರುವುದು ಅಜರಯ್ಯನವರ ಬೇಡಿಕೆಗೆ ತಡವಾಗಿಯಾದರೂ ದೊರೆತ ಉತ್ತರ. ಶಿಬಿರದ ದಿನಗಳನ್ನೂ ಕೆಲಸವನ್ನೂ ಗೊತ್ತುಮಾಡುವವರು ಆ ಊರಿನವರೇ ಆಗಿ, ಬಂದವರು ಅವರು ಹೇಳಿದ ಕಡೆ ನೀರು ಹೊತ್ತು, ಕೇಳಿದಾಗ ಮಾತ್ರ ಉಪದೇಶ ನುಡಿದು, ತಮ್ಮ ಪ್ರಯಾಣಕ್ಕೆ ವೆಚ್ಚವಾದಷ್ಟನ್ನು ಆ ದುಭಾಷಿಯ ವರ್ಷದ ಕೆಲಸಕ್ಕೂ ಒದಗಿಸಬಲ್ಲರಾದರೆ, ಆ ವಾರ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.