ಎರೆಸೀಮೆಯ ತೋಟವಿದ್ಯೆ: ಸೊಲ್ಲಾಪುರ–ಅಕ್ಕಲಕೋಟ ಭಾಗದ ವ್ಯಾಸಂಗದ ಪ್ರಶ್ನೆ

ತೋಟವಿದ್ಯೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಮಲೆನಾಡಿನ ಅಡಕೆಯ ತೋಟ, ಇಲ್ಲವೆ ಬೆಂಗಳೂರಿನ ಲಾಲಬಾಗು. ಸೀನಾ, ಭೀಮಾ, ಬೋರಿ ನದಿಗಳ ಈ ಎರೆಸೀಮೆಗೆ, ಜೋಳ ತೊಗರಿಗಳ ನಾಡಿಗೆ, ಅಂಥ ವಿದ್ಯೆಯಿಂದ ಆಗಬೇಕಾದುದೇನು ಎಂದು ಶಿಕ್ಷಕ ಬಂಧುಗಳಲ್ಲಿಯೆ ಕೆಲವರು ಕೇಳುವುದುಂಟು. ಉತ್ತರ ದೂರವಿಲ್ಲ. ಸೊಲ್ಲಾಪುರದಿಂದ ಪುಣೆಯ ದಾರಿ ಹಿಡಿದರೆ ಕೇಗಾಂವ. ಅಲ್ಲಿ ೨೦೦೫ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವಿದೆ. ಇಡೀ ದೇಶಕ್ಕೆ ದಾಳಿಂಬೆಯ ಸಂಗತಿಯಲ್ಲಿ ದಾರಿ ತೋರಿಸುವ ಸಂಸ್ಥೆ ಮಳೆ ಕಡಿಮೆಯಾದ ಈ ಜಿಲ್ಲೆಯಲ್ಲಿಯೆ ಬಂದು ನೆಲೆಸಿದುದು ಆಕಸ್ಮಿಕವಲ್ಲ. ೨೦೧೬ರಲ್ಲಿ ‘ಸೊಲ್ಲಾಪುರ ದಾಳಿಂಬೆ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದಕಾರಣ ಕೇಳಬೇಕಾದ ಪ್ರಶ್ನೆ ಬೇರೆಯೆ ಇದೆ: ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಈ ವಿದ್ಯೆಯನ್ನು ಕಲಿಯಹೊರಟರೆ ಏನನ್ನು, ಯಾವ ಕ್ರಮದಲ್ಲಿ, ಯಾವ ಮಾತಿನಲ್ಲಿ ಕಲಿಯಬೇಕು?

‘ಸಮುದಾಯ ಕಾಲೇಜು’ ಎಂಬುದು ನಮ್ಮ ಕಡೆಗೆ ಅಷ್ಟಾಗಿ ಬಳಕೆಗೆ ಬಾರದ ಮಾತು. ಆಯಾ ಸೀಮೆಯ ಜನರಿಗೆ ಆಯಾ ಸೀಮೆಯ ಕಸುಬಿಗೆ ಬೇಕಾದುದನ್ನು ಒಂದೆರಡು ವರುಷಗಳಲ್ಲಿ ಕಲಿಸಿ, ಮುಂದೆ ಓದುವವರಿಗೆ ಪದವಿಯ ದಾರಿಯನ್ನೂ ತೆರೆದಿಡುವ ಶಿಕ್ಷಣಸಂಸ್ಥೆ ಅದು. ಅಮೆರಿಕದ ಜೋಲಿಯೆಟ್ ಎಂಬಲ್ಲಿ ೧೯೦೧ರಲ್ಲಿ ಮೊದಲಾದ ಈ ಕ್ರಮ ಪಾಂಡಿಚೇರಿಗೆ ೧೯೯೫ರಲ್ಲಿ ಬಂದಿತು. ೨೦೧೩ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಇದಕ್ಕಾಗಿ ಒಂದು ಯೋಜನೆಯನ್ನೇ ಹಾಕಿತು. ತೋಟಗಾರಿಕೆಯ ಮಟ್ಟಿಗೆ ಇದಕ್ಕೆ ಸಮೀಪದ ಕೆಲಸವನ್ನು ನಮ್ಮಲ್ಲಿ ಮಾಡುತ್ತಿರುವುದು ಕೃಷಿ ವಿಜ್ಞಾನ ಕೇಂದ್ರಗಳು. ಅವುಗಳಲ್ಲಿ ಮೊದಲನೆಯದು ೧೯೭೪ರಲ್ಲಿ ಪಾಂಡಿಚೇರಿಯಲ್ಲಿಯೆ ಹುಟ್ಟಿತು. ನಮ್ಮ ಜಿಲ್ಲೆಯ ಮೋಹೋಳದಲ್ಲಿಯೂ ಒಂದುಂಟು. ಹೆಸರು ಯಾವುದಾದರೂ ಇರಲಿ, ಅಲ್ಲಿ ಕಲಿಸತಕ್ಕ ವಿಷಯದ ವಿಚಾರವೇ ನಮಗೆ ಮುಖ್ಯ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಮಳೆಯನ್ನೇ ನಂಬಿದ ಬೇಸಾಯದ ಶಾಸ್ತ್ರೀಯ ಅಭ್ಯಾಸ ಮುಂಬಯಿ ಪ್ರಾಂತದಲ್ಲಿ ೧೯೨೩ರಲ್ಲಿ ಪುಣೆಯ ಹತ್ತಿರದ ಮಾಂಜರಿಯಲ್ಲಿ ಮೊದಲಾಯಿತು. ಬಳಿಕ ೧೯೩೩ರಿಂದ ೧೯೩೫ರ ಒಳಗೆ ಐದು ಕಡೆ ಒಣಬೇಸಾಯದ ಸಂಶೋಧನ ಕೇಂದ್ರಗಳು ಎದ್ದವು: ಸೊಲ್ಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ ಮತ್ತು ಪಂಜಾಬ ಪ್ರಾಂತದ ರೋಹತಕ. ಐದರಲ್ಲಿ ನಾಲ್ಕು ಕನ್ನಡದ ಮಾತು ಕೇಳಿಬರುವ ಎರೆನೆಲದಲ್ಲಿಯೆ ಇದ್ದವೆಂಬುದನ್ನು ನಮ್ಮ ಸ್ಥಳೀಯ ಇತಿಹಾಸಕಾರರು ಅಷ್ಟಾಗಿ ಗಮನಿಸಿಲ್ಲ. ಎನ್. ವ್ಹಿ. ಕಾನಿಟಕರರು ಈ ಅನುಭವವನ್ನೆಲ್ಲ ಕ್ರೋಡೀಕರಿಸಿ ೧೯೪೪ರಲ್ಲಿ ಒಣಬೇಸಾಯದ ಮೇಲೆ ಗ್ರಂಥವನ್ನು ಪ್ರಕಟಿಸಿದರು. ‘ಮುಂಬಯಿ ಪದ್ಧತಿ’ ಎಂದು ಹೆಸರಾದ ಅದರ ತಿರುಳು ಇಷ್ಟೆ: ಒಡ್ಡು ಹಾಕಿ ನೀರನ್ನು ತಡೆ, ತಿಪ್ಪೆಯ ಗೊಬ್ಬರ ಹಾಕು, ಬೀಜವನ್ನು ಕಡಿಮೆ ಹಾಕಿ ಸಾಲನ್ನು ಅಗಲಿಸು, ಮೇಲಿಂದ ಮೇಲೆ ಹರಗು. ೧೯೭೦ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಬಂದಾಗಲೂ ಸೊಲ್ಲಾಪುರ, ವಿಜಾಪುರಗಳೆರಡೂ ಅದರ ಕೇಂದ್ರಗಳಾದವು. ಇಂದು ‘ಸುಸ್ಥಿರ’ ಎಂದು ಹೊಸದಾಗಿ ಕರೆಯುವುದರ ಬಹುಭಾಗ ಇದರೊಳಗೆ ಅಡಗಿದೆ. ನಮ್ಮ ಅಜ್ಜಂದಿರು ಕುಂಟೆ ಹೊಡೆದು ನೆಲದ ಬಿರುಕು ಮುಚ್ಚಿದುದೂ ಒಳಗಿನ ಹಸಿಯನ್ನು ಉಳಿಸಲೆಂದೇ. ಈ ಪಾಠವನ್ನು ಬಿಟ್ಟು ತೋಟಗಾರಿಕೆಯನ್ನು ಕಲಿಸಹೊರಟರೆ ತಳಪಾಯವಿಲ್ಲದೆ ಗೋಡೆ ಎಬ್ಬಿಸಿದಂತಾದೀತು.

ನೆಲದ ಆಯ್ಕೆಯಲ್ಲಿಯೂ ಹೀಗೆಯೆ. ಎರೆಯ ಮಣ್ಣು ನೀರನ್ನು ಹಿಡಿದಿಡುತ್ತದೆ ನಿಜ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಆ ಮಣ್ಣಿನಲ್ಲಿ ನೀರು ನಿಂತರೆ ದಾಳಿಂಬೆಯ ಬೇರಿಗೆ ಉಸಿರುಕಟ್ಟುತ್ತದೆ. ದಾಳಿಂಬೆಗೆ ಒಗ್ಗುವುದು ಗರಸು ಬೆರೆತ ಹಗುರ ಮಡ್ಡಿಯ ನೆಲ. ಜೋಳಕ್ಕೆ ಎರೆ, ಹಣ್ಣಿಗೆ ಮಡ್ಡಿ ಎಂಬ ಈ ಹಂಚಿಕೆಯಿಂದಲೆ ಹಿಂದೆ ಕುರಿ ಮೇಯಲು ಬಿಟ್ಟ ಬರಡು ದಿಬ್ಬಗಳು ತೋಟಗಳಾದವು. ಸಾಲಿನಿಂದ ಸಾಲಿಗೆ ನಾಲ್ಕೂವರೆ ಮೀಟರು, ಗಿಡದಿಂದ ಗಿಡಕ್ಕೆ ಮೂರು ಮೀಟರು ಎಂಬ ಅಳತೆಯಲ್ಲಿ ಹೆಕ್ಟೇರಿಗೆ ೭೪೦ ಗಿಡ ಕೂಡುತ್ತವೆ. ಇದನ್ನು ಏಳನೆಯ ಇಯತ್ತೆಯ ಮಕ್ಕಳಿಗೆ ಗಣಿತವಾಗಿ ಕೊಡಬಹುದು.

ದಾಳಿಂಬೆಯ ವಿಶೇಷವೆಂದರೆ ಅದು ನೀರಿನ ಬಿಗಿಹತೋಟಿಯಿಂದ ಫಲಕೊಡುವ ಗಿಡ. ತಿಂಗಳೆರಡು ತಿಂಗಳು ನೀರು ನಿಲ್ಲಿಸಿ, ಎಲೆ ಹಳದಿಯಾಗಿ ಉದುರಿದ ಮೇಲೆ ರೆಂಬೆಗಳನ್ನು ಹಗುರಾಗಿ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡ ಒಮ್ಮೆಲೆ ಹೂಬಿಡುತ್ತದೆ. ಇದಕ್ಕೆ ‘ಬಹಾರ’ ಎನ್ನುತ್ತಾರೆ. ಮಾವು ಹೂಬಿಡುವ ಕಾಲದ್ದು ಅಂಬೆ ಬಹಾರ, ಮಿರಗದ ಮಳೆಯದು ಮೃಗ ಬಹಾರ, ಹಸ್ತೆಯ ಮಳೆಯದು ಹಸ್ತ ಬಹಾರ. ಅಂಬೆಗೆ ಬೇಸಗೆಯುದ್ದಕ್ಕೂ ನೀರು ಬೇಕು. ಮೃಗಕ್ಕೆ ನೀರು ಕಡಿಮೆ ಸಾಕು, ಆದರೆ ತೇವದ ಗಾಳಿಯಲ್ಲಿ ರೋಗದ ಭಯ ಹೆಚ್ಚು. ಹಸ್ತಕ್ಕೆ ರೋಗ ಕಡಿಮೆ, ಬೆಲೆಯೂ ಒಳ್ಳೆಯದು. ಆದರೆ ಮಳೆಗಾಲದ ಕೊನೆಯಲ್ಲಿ ಗಿಡವನ್ನು ಒಣಗಿಸಿಡುವುದು ಸುಲಭವಲ್ಲ. ತನ್ನ ಬಾವಿಯ ನೀರು ಯಾವ ತಿಂಗಳವರೆಗೆ ಬಂದೀತೆಂಬ ಲೆಕ್ಕ ಬಲ್ಲವನೇ ಬಹಾರವನ್ನು ಆರಿಸಬಲ್ಲನು. ‘ತೇಲ್ಯಾ’ ಎಂಬ ದುಂಡಾಣು ರೋಗ ಹಬ್ಬಿದಾಗ ಈ ಜಿಲ್ಲೆಯ ಅನೇಕ ರೈತರು ಬೆಳೆದುನಿಂತ ಗಿಡಗಳನ್ನು ಬೇರುಸಹಿತ ಕಿತ್ತು ಹಾಕಬೇಕಾಯಿತು. ತೋಟದೊಳಗೆ ಆ ರೋಗ ಮಳೆಹನಿಯ ಸಿಡಿತದಿಂದ ಹರಡಿದರೆ, ಊರಿಂದೂರಿಗೆ ಹೋಗುವುದು ರೋಗ ತಗುಲಿದ ಸಸಿಗಳಿಂದ. ಅಗ್ಗಕ್ಕೆ ಸಿಕ್ಕಿತೆಂದು ತಾಯಿಗಿಡವನ್ನು ನೋಡದೆ ಸಸಿ ತಂದವನ ನಷ್ಟ ಅವನೊಬ್ಬನದಾಗಿ ಉಳಿಯುವುದಿಲ್ಲ. ವ್ಯಾಸಂಗಕ್ರಮದಲ್ಲಿ ನರ್ಸರಿಯ ಶುಚಿತ್ವಕ್ಕೆ ಮೊದಲ ಸ್ಥಾನ ಇರಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಇನ್ನು ಎರಡನೆಯ ಅಂಗ, ಬಯಲನ್ನೂ ಅಂಗಳವನ್ನೂ ಗಿಡಮರಗಳಿಂದ ಅಣಿಗೊಳಿಸುವ ವಿದ್ಯೆ. ಇಲ್ಲಿ ನಮ್ಮವರಿಗೆ ಹುಲ್ಲುಹಾಸಿನ ಮರುಳು ಬಹಳ. ವರುಷವಿಡೀ ತುಂತುರು ಬೀಳುವ ಇಂಗ್ಲೆಂಡಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಸೊಲ್ಲಾಪುರದ ವೈಶಾಖದಲ್ಲಿ ಅದನ್ನು ಸಾಕುವುದೆಂದರೆ ಆನೆ ಸಾಕಿದಂತೆ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನೂರು ಚದರ ಮೀಟರಿನ ಶಾಲೆಯ ಮಾಳಿಗೆಯ ಮೇಲೆ ವರುಷಕ್ಕೆ ೬೦೦ ಮಿಲಿಮೀಟರು ಮಳೆಯೆಂದು ಹಿಡಿದರೆ ೬೦,೦೦೦ ಲೀಟರು. ಐದರಲ್ಲೊಂದು ಪಾಲು ಸೋರಿಹೋಯಿತೆಂದರೂ ೪೮,೦೦೦ ಲೀಟರು ಉಳಿಯುತ್ತದೆ. ಅಷ್ಟೇ ಅಗಲದ ಹುಲ್ಲುಹಾಸಿಗೆ ದಿನಕ್ಕೆ ಐದು ಮಿಲಿಮೀಟರಿನಂತೆ ೫೦೦ ಲೀಟರು ಹಾಕಿದರೆ ಆ ನೀರು ೯೬ ದಿನಕ್ಕೆ ತೀರುತ್ತದೆ. ಅದೇ ನೀರಿನಿಂದ ವಾರಕ್ಕೆ ಹತ್ತು ಲೀಟರಿನಂತೆ ಒಣಗಾಲದ ಮೂವತ್ತೈದು ವಾರ ಸಸಿಗಳನ್ನು ಕಾಪಾಡಿದರೆ ೧೩೭ ಸಸಿಗಳು ಬದುಕುತ್ತವೆ. ಬೇವು, ಹೊಂಗೆ, ಬನ್ನಿ, ಪತ್ರಿ, ಹುಣಸೆ, ಸೀತಾಫಲ, ಬಾರಿ ಇವು ಬೇರೂರಿದ ಮೇಲೆ ನೀರು ಬೇಡುವುದೂ ಕಡಿಮೆ. ಬುಡದಲ್ಲಿ ಮಣ್ಣಿನ ಗಡಿಗೆಯನ್ನು ಹೂಳಿ ನೀರು ತುಂಬಿಟ್ಟರೆ ಅದು ಜಿನುಗಿ ಬೇರಿಗಷ್ಟೇ ಮುಟ್ಟುತ್ತದೆ. ಎರಡು ಸಾವಿರ ವರುಷಗಳ ಹಿಂದಿನ ಚೀನದ ಕೃಷಿಗ್ರಂಥದಲ್ಲಿಯೂ ಈ ಉಪಾಯ ಬಂದಿದೆ. ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜಿನವರು ೧೯೮೧ರಲ್ಲಿ ಕಡಿಮೆ ನೀರಿನ ಉದ್ಯಾನಕ್ಕೆ ‘ಝೆರಿಸ್ಕೇಪ್’ ಎಂಬ ಹೆಸರು ಕಟ್ಟಿ ಪ್ರಚಾರ ಮಾಡಿದರು. ಹುಲ್ಲನ್ನು ಬೇಕಾದಷ್ಟೇ ಇಡು, ನೆಲಕ್ಕೆ ಹೊದಿಕೆ ಹಾಕು, ಒಂದೇ ಬಗೆಯ ನೀರು ಬೇಡುವ ಗಿಡಗಳನ್ನು ಒಂದೆಡೆ ಸೇರಿಸು ಎಂಬುವು ಅದರ ಸೂತ್ರಗಳಲ್ಲಿ ಕೆಲವು. ಸಿರಿವಂತ ದೇಶದವರು ಹುಲ್ಲಿನ ಮೋಹವನ್ನು ತಗ್ಗಿಸುತ್ತಿರುವಾಗ ನಾವು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ತಮಾಷೆಯೇ ಸರಿ.

ಮಾದರಿಗಾಗಿ ಡೆನ್ವರಿನವರೆಗೆ ಹೋಗಬೇಕಾದುದೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದುದನ್ನು ರಾಘವಾಂಕನ ಕಾವ್ಯದಿಂದ ನಾವೆಲ್ಲ ಬಲ್ಲೆವು. ಸೊಲ್ಲಾಪುರದ ನಡುವೆ ನೀರಿನಿಂದ ಸುತ್ತುವರಿದ ಗುಡಿಯನ್ನು ಭಕ್ತರಾಗಿ ನೋಡಿದಂತೆ ವಿದ್ಯಾರ್ಥಿಗಳಾಗಿಯೂ ನೋಡಬೇಕು: ಮೊದಲು ಇಳುಕಲಿನ ನೀರನ್ನು ನಿಲ್ಲಿಸುವುದು, ಅದರ ಸುತ್ತ ಊರಿನ ಬಯಲು, ನೆರಳು, ನಡೆದಾಡುವ ದಾರಿ. ಅಕ್ಕಲಕೋಟದ ವಟವೃಕ್ಷದ ಗುಡಿಯಲ್ಲಿ ಆಲದ ಮರವೇ ಸ್ಥಳಕ್ಕೆ ಹೆಸರು ಕೊಟ್ಟಿದೆ. ಮರವನ್ನು ಕಡಿಯದೆ ಅದರ ಸುತ್ತ ಕಟ್ಟಡ ಕಟ್ಟುವುದು ಉದ್ಯಾನವಿದ್ಯೆಯ ಪಾಠಗಳಲ್ಲೊಂದು.

ಕೊನೆಗೆ ಮಾತಿನ ಪ್ರಶ್ನೆ. ನಮ್ಮ ಸಂಘಕ್ಕೆ ನೇರವಾಗಿ ಸೇರಿದ್ದು ಇದೇ. ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ. ಹತ್ತನೆಯ ಇಯತ್ತೆಯವರೆಗೆ ಅಡ್ಡಿಯಿಲ್ಲ. ಮುಂದೆ ತರಬೇತಿಗೆ ಹೋದ ಹುಡುಗನಿಗೆ ಪಾಠ ಮರಾಠಿಯಲ್ಲಿ, ಔಷಧದ ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ. ಅವನು ಕಕ್ಕಾಬಿಕ್ಕಿಯಾಗುವುದು ವಿಷಯ ತಿಳಿಯದೆ ಅಲ್ಲ, ತನಗೆ ತಿಳಿದ ವಿಷಯವೇ ಬೇರೆ ಹೆಸರಿನಲ್ಲಿ ಬಂದುದನ್ನು ಗುರುತಿಸಲಾರದೆ. ಮರಾಠಿಯ ‘ವಾಫಸಾ’ ಅವನ ಮನೆಯ ‘ಹದ’. ‘ಆಳೆ’ ಎಂದರೆ ಗಿಡದ ಬುಡದ ಪಾತಿ, ‘ವಾಫಾ’ ಎಂದರೆ ಮಡಿ, ‘ಕೋಳಪಣಿ’ ಎಂದರೆ ಹರಗುವುದು, ‘ಆಚ್ಛಾದನ’ ಎಂದರೆ ಹೊದಿಕೆ. ‘ತೇಲ್ಯಾ’ ರೋಗವನ್ನು ಕರ್ನಾಟಕದ ಪುಸ್ತಕಗಳು ‘ದುಂಡಾಣು ಅಂಗಮಾರಿ’ ಎನ್ನುತ್ತವೆ. ‘ಶಾಶ್ವತ ಶೇತಿ’ ಎಂಬಲ್ಲಿ ಹೆಚ್ಚು ಎಚ್ಚರ ಬೇಕು: ಮರಾಠಿಯಲ್ಲಿ ಅದು ನಮ್ಮ ‘ಸುಸ್ಥಿರ ಕೃಷಿ’, ಕನ್ನಡದ ಕಿವಿಗೆ ಎಂದೆಂದಿಗೂ ಅಳಿಯದ ಹೊಲವೆಂದು ಕೇಳಿಸುತ್ತದೆ. ಇಂಥ ನಾಲ್ಕೈದುನೂರು ಮಾತುಗಳನ್ನು ರೈತರ ಬಾಯಿಂದಲೆ ಕೇಳಿ, ಕನ್ನಡ, ಮರಾಠಿ, ಇಂಗ್ಲಿಷುಗಳನ್ನು ಎದುರುಬದುರು ಇಟ್ಟು ಒಂದು ಚಿಕ್ಕ ಕೋಶ ಮಾಡುವುದು ಶಿಕ್ಷಕರ ಕೈಯೊಳಗಿನ ಕೆಲಸ. ಬೇಸಗೆಯ ಒಂದು ರಜೆ, ತಾಲೂಕಿಗೆ ಹತ್ತು ಜನ ಸಾಕು. ಗಡಿಯಾಚೆಯ ಇಂಡಿ, ಆಳಂದ ತಾಲೂಕುಗಳ ಮಾತನ್ನೂ ಜೊತೆಗೆ ಕೂಡಿಸಿಕೊಳ್ಳಬೇಕು. ಮಣ್ಣು ಒಂದೇ ಇರುವಲ್ಲಿ ಮಣ್ಣಿನ ಮಾತೂ ಬಹುಮಟ್ಟಿಗೆ ಒಂದೇ.

ಆ ಕೋಶದಲ್ಲಿ ‘ಲ್ಯಾಂಡ್‌ಸ್ಕೇಪ್’ ಎಂಬುದರ ಎದುರಿಗೆ ಏನು ಬರೆಯಬೇಕೆಂಬ ಚರ್ಚೆ ಬಂದೇ ಬರುತ್ತದೆ. ಪುಸ್ತಕದವರು ‘ಭೂದೃಶ್ಯ’ ಎಂದು ಬರೆಯುತ್ತಾರೆ. ನಮ್ಮ ಹಳ್ಳಿಯವರು ಇಡಿಯದಕ್ಕೆ ಒಂದು ಹೆಸರಿಟ್ಟಿಲ್ಲ. ಅಂಗಳ, ಹಿತ್ತಲು, ಅರಳಿಕಟ್ಟೆ, ಬಾವಿಕಟ್ಟೆ, ಹಳ್ಳದ ದಂಡೆ, ಗಾಯರಾಣ ಎಂದು ಒಂದೊಂದಕ್ಕೂ ಬೇರೆಬೇರೆ ಇಟ್ಟಿದ್ದಾರೆ. ಆ ಆರನ್ನೂ ಒಂದರ ಕೆಳಗೊಂದು ಬರೆದು, ಅವುಗಳ ಮುಂದೆ ‘ಭೂದೃಶ್ಯ’ವನ್ನು ಆವರಣದಲ್ಲಿ ಹಾಕಬಹುದೆಂದು ನಮ್ಮ ಅಭಿಪ್ರಾಯ.