ಒಂದಕ್ಷರ ಬದಲಾದರೆ ರೋಗವೇ? ಗಣಕ ಏನು ಹೇಳಬಲ್ಲದು?

ಯಾವುದೇ ವ್ಯಕ್ತಿಯ ಡಿಎನ್‌ಎಯನ್ನು ಮಾದರಿ ಜೀನೋಮಿನೊಂದಿಗೆ ಹೋಲಿಸಿದರೆ 40ರಿಂದ 50 ಲಕ್ಷ ಸ್ಥಾನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಬಹುಪಾಲು ನಿರುಪದ್ರವಿ. ಆದರೆ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನಿನಲ್ಲಿ ಜಿಎಜಿ ಎಂಬ ಸಂಕೇತ ಜಿಟಿಜಿ ಆದರೆ, ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಸೇರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾವಣೆ ಪಡೆದ ಮಗುವಿಗೆ ಸಿಕಲ್ ಸೆಲ್ ರೋಗ ಬರುತ್ತದೆ.

ಇಂಥ ಅಪಾಯಕಾರಿ ಬದಲಾವಣೆಯನ್ನು ಲಕ್ಷಾಂತರ ವ್ಯತ್ಯಾಸಗಳ ನಡುವೆ ಗುರುತಿಸುವುದು ಹೇಗೆ? ಎಲ್ಲವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಆಗದ ಮಾತು. ಆದ್ದರಿಂದ ಗಣಕದ ಮೊರೆ ಹೋಗುತ್ತೇವೆ.

2001ರಲ್ಲಿ ಪ್ರಕಟವಾದ ‘ಸಿಫ್ಟ್’ ತಂತ್ರಾಂಶದ ತರ್ಕ ಸರಳ. ಒಂದೇ ಕುಟುಂಬಕ್ಕೆ ಸೇರಿದ ಪ್ರೋಟೀನುಗಳನ್ನು ಬೇರೆ ಬೇರೆ ಜೀವಿಗಳಿಂದ ತಂದು ಸಾಲಾಗಿ ಜೋಡಿಸಿ. ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣವನ್ನು ಹಿಡಿದಿರುವ ಹಿಸ್ಟಿಡೀನ್ ಮನುಷ್ಯ, ಕೋಳಿ, ಮೀನು ಎಲ್ಲದರಲ್ಲೂ ಹಾಗೆಯೇ ಉಳಿದಿದೆ. ಕೋಟ್ಯಂತರ ವರ್ಷ ಬದಲಾಗದ ಜಾಗದಲ್ಲಿ ಬದಲಾವಣೆ ಕಂಡರೆ ಸಂಶಯಪಡಬೇಕು. ಸಿಫ್ಟ್ ಅಂಕ 0.05ಕ್ಕಿಂತ ಕಡಿಮೆಯಿದ್ದರೆ ‘ಹಾನಿಕರ’ ಎಂದು ಊಹೆ. 2014ರ ‘ಕ್ಯಾಡ್’ನಲ್ಲಿ ಲೆಕ್ಕ ತಿರುಗುಮುರುಗು: ಅಂಕ ಹೆಚ್ಚಿದಷ್ಟೂ ಅಪಾಯದ ಸಂಭವ ಹೆಚ್ಚು. 20 ಅಂಕವೆಂದರೆ ಸಾಧ್ಯವಿರುವ ಎಲ್ಲ ಅಕ್ಷರ ಬದಲಾವಣೆಗಳ ಪೈಕಿ ಅತಿ ಹಾನಿಕರವೆನಿಸುವ ಶೇಕಡ 1ರಲ್ಲಿ ಸೇರಿದ್ದು, 30 ಎಂದರೆ ಶೇಕಡ 0.1ರಲ್ಲಿ. (ತರಗತಿಯಲ್ಲಿ ಲಾಗರಿತಮ್ ವಿವರಿಸಲು ಒಳ್ಳೆಯ ಉದಾಹರಣೆ.) 2023ರ ‘ಆಲ್ಫಾಮಿಸ್ಸೆನ್ಸ್’ ಅಮೈನೋ ಆಮ್ಲವನ್ನು ಬದಲಿಸುವ 7.1 ಕೋಟಿ ಸಾಧ್ಯ ವ್ಯತ್ಯಾಸಗಳನ್ನು ಪರಿಶೀಲಿಸಿ, ಶೇಕಡ 89ರಷ್ಟನ್ನು ಹಾನಿಕರ ಅಥವಾ ನಿರುಪದ್ರವಿ ಎಂದು ವಿಂಗಡಿಸಿತು.

ಆದರೆ ಗಮನಿಸಿ, ಈ ಅಂಕಗಳು ಪ್ರೋಟೀನಿಗೆ ಆಗುವ ಹಾನಿಯ ಊಹೆ, ರೋಗನಿರ್ಣಯವಲ್ಲ. ಸಿಕಲ್ ಸೆಲ್ ಬದಲಾವಣೆಯ ಒಂದೇ ಪ್ರತಿ ಇರುವವರು ಸಾಮಾನ್ಯವಾಗಿ ಆರೋಗ್ಯವಂತರು. ಅವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆಯೂ ಉಂಟು. ಅಂಕ ಇದನ್ನು ಹೇಳುವುದಿಲ್ಲ. ಅದಕ್ಕೇ ರೋಗಿಯ ಲಕ್ಷಣ, ಕುಟುಂಬದ ಚರಿತ್ರೆ, ಜನಸಮುದಾಯದಲ್ಲಿ ಆ ವ್ಯತ್ಯಾಸ ಎಷ್ಟು ಸಾಮಾನ್ಯ ಎಂಬುದನ್ನೂ ನೋಡಬೇಕು.

ಕೊನೆಯದನ್ನು ಕಡೆಗಣಿಸಿದರೆ ಏನಾದೀತು? ಹೃದಯದ ಸ್ನಾಯು ದಪ್ಪವಾಗುವ ಆನುವಂಶಿಕ ರೋಗವೊಂದರ ಬಗ್ಗೆ ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ರೋಗಕಾರಕವೆಂದು ವರದಿಯಾಗಿದ್ದ ಕೆಲವು ವ್ಯತ್ಯಾಸಗಳು ಕಪ್ಪು ಜನಾಂಗದ ಅಮೆರಿಕನ್ನರಲ್ಲಿ ಸಾಮಾನ್ಯವಾಗಿದ್ದವು, ನಿರುಪದ್ರವಿಯಾಗಿದ್ದವು. ಮೊದಲಿನ ಅಧ್ಯಯನಗಳ ಹೋಲಿಕೆ ಗುಂಪುಗಳಲ್ಲಿ ಆ ಜನರಲ್ಲಿ ಕೆಲವರನ್ನಾದರೂ ಸೇರಿಸಿಕೊಂಡಿದ್ದರೆ ಬಹುಶಃ ಈ ತಪ್ಪು ಆಗುತ್ತಿರಲಿಲ್ಲ. ಗಣಕಕ್ಕಿಂತ ದತ್ತಾಂಶದ ಕೊರತೆಯೇ ಇಲ್ಲಿ ದೊಡ್ಡ ದೋಷ ಎನ್ನಬೇಕು.

ನಮಗೂ ಇದು ಅನ್ವಯಿಸುತ್ತದೆ. ತಮ್ಮೊಳಗೇ ಮದುವೆಯಾಗುವ ಸಾವಿರಾರು ಸಮುದಾಯಗಳಿರುವ ಭಾರತದಲ್ಲಿ, ಬೇರೆಡೆ ಅಪರೂಪವಾದ ವ್ಯತ್ಯಾಸ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯ ಹತ್ತು ಸಾವಿರ ಜೀನೋಮುಗಳ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇಂಥ ಮಾಹಿತಿ ಹೆಚ್ಚಿದಂತೆ, ಇಂದು ವರದಿಯಲ್ಲಿ ‘ಮಹತ್ವ ಅನಿಶ್ಚಿತ’ ಎಂದು ಬರೆದಿರುವ ಎಷ್ಟೋ ವ್ಯತ್ಯಾಸಗಳನ್ನು ಮತ್ತೆ ಪರಿಶೀಲಿಸಬಹುದು.